ಹದಿನೇಳು ಸಿಗಾರ್, ಒಂದು ಐಸ್‌ಬಾಕ್ಸ್

ಈ ತಿಂಗಳ ಕೊನೆಗೆ ನಾವು ಮತ್ತೆ ಮನೆ ಬದಲಿಸುತ್ತಿದ್ದೇವೆ. 2018ರಿಂದ ಇದು ನಾಲ್ಕನೆಯ ಸಲ. ಈಗ ಕೈ ಪಳಗಿದೆ. ಪಾತ್ರೆಗಳು ಗೋಣಿಚೀಲಕ್ಕೆ, ಪುಸ್ತಕಗಳು ದಿನಸಿ ಅಂಗಡಿಯ ರಟ್ಟಿನ ಡಬ್ಬಕ್ಕೆ, ಬಟ್ಟೆಬರೆ ಹಳೇ ಬೆಡ್‌ಶೀಟಿನ ಗಂಟಿಗೆ. ಪಿಕಪ್ ಬಂದು ನಿಂತರೆ ಮೂರು ಗಂಟೆಯಲ್ಲಿ ಸಂಸಾರವೆಲ್ಲ ಅದರ ಮೇಲೆ. ನೀಲಿ ಬಣ್ಣದ ಒಂದು ಐಸ್‌ಬಾಕ್ಸ್ ಮಾತ್ರ ಹಿಂದೆ ಹತ್ತುವುದಿಲ್ಲ. ಅದು ಮುಂದೆ, ಡ್ರೈವರ್ ಪಕ್ಕದಲ್ಲಿ, ನಮ್ಮಲ್ಲೊಬ್ಬರ ತೊಡೆಯ ಮೇಲೆ ಕೂತು ಬರುತ್ತದೆ. ಮೀನು ಇದೆಯೇನೋ ಅಂತ ಡ್ರೈವರ್‌ಗಳು ಮೂಸಿ ನೋಡಿದ್ದಾರೆ. ಒಳಗಿರುವುದು ಹದಿನಾಲ್ಕು ಸಿಗಾರ್.

ನಾವಿಬ್ಬರೂ ಸೇದುವವರಲ್ಲ. ಗಂಟಲು, ಬಾಯಿಯ ಕ್ಯಾನ್ಸರ್ ಬಂದವರ ಮನೆಗಳಿಗೆ ಹೋಗಿ ವರದಿ ಬರೆದವರು. ಈ ಸಿಗಾರ್‌ಗಳು ನಮ್ಮವೂ ಅಲ್ಲ, ನಮ್ಮ ಹಳೇ ಮನೆ ಓನರ್ ಕರ್ನಲ್ ಸಾಹೇಬರದ್ದು.

ಮಡಿಕೇರಿಯಲ್ಲಿ ಅವರ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ನಾವಿದ್ದೆವು. ಪತ್ರಿಕೆಯಿಂದ ದುಡ್ಡು ಬರುವುದು ತಡವಾದರೆ ಅವರು ಬಾಡಿಗೆ ಕೇಳುತ್ತಿರಲಿಲ್ಲ. ‘ರಿಪೋರ್ಟರ್, ಕಾಲಂ ಎಷ್ಟು ಸೆಂಟಿಮೀಟರ್ ಬಂತು ಈ ತಿಂಗಳು?’ ಎಂದು ನಗುತ್ತಿದ್ದರು. ನಮ್ಮ ಮಗು ಅವಧಿಗೆ ಮುಂಚೆ ಹುಟ್ಟಿದಾಗ ರಾತ್ರಿ ಒಂದೂವರೆಗೆ ಜೀಪ್ ತೆಗೆದು ಮೈಸೂರಿಗೆ ಕರೆದುಕೊಂಡು ಹೋದವರು ಅವರೇ. ಆ ಋಣದ ಮುಂದೆ ಒಂದು ಪೆಟ್ಟಿಗೆ ಕಾಯುವುದು ಏನೂ ಅಲ್ಲ.

ಪೆಟ್ಟಿಗೆಯ ಕತೆ ಹೀಗೆ. ಅವರ ಜೊತೆ ಸೇನೆಯಲ್ಲಿದ್ದ ಗೆಳೆಯರೊಬ್ಬರು 2013ರಲ್ಲಿ ವಿದೇಶದಿಂದ ಬರುವಾಗ ಇಪ್ಪತ್ತೈದು ಸಿಗಾರ್‌ಗಳ ಮರದ ಪೆಟ್ಟಿಗೆ ತಂದಿದ್ದರು. ನಿಕರಾಗುವಾದಲ್ಲಿ ಕೈಯಿಂದ ಸುತ್ತಿದ್ದು. ಪ್ರತಿವರ್ಷ ಸೆಪ್ಟೆಂಬರ್ 3ರ ಕೈಲ್‌ಮುಹೂರ್ತದ ದಿನ, ಕೋವಿ ಪೂಜೆ, ಊಟ ಮುಗಿದ ಮೇಲೆ ಇಬ್ಬರೂ ವರಾಂಡದಲ್ಲಿ ಕೂತು ಒಂದೊಂದು ಸೇದುವುದು. ಮೂರು ವರ್ಷ ಹಾಗೇ ನಡೆಯಿತು. 2016ರಲ್ಲಿ ಗೆಳೆಯರು ತೀರಿಕೊಂಡರು. ಆಮೇಲೆ ಇವರೊಬ್ಬರೇ, ವರ್ಷಕ್ಕೆ ಒಂದು. 2018ರ ಹೊತ್ತಿಗೆ ಹದಿನೇಳು ಉಳಿದಿತ್ತು. ಅವರಿಗೆ ಎಪ್ಪತ್ತನಾಲ್ಕು. ‘ಲೆಕ್ಕ ಹಾಕಿದ್ರೆ ತೊಂಬತ್ತರ ಮೇಲೂ ಒಂದು ಉಳಿಯುತ್ತೆ’ ಎನ್ನುತ್ತಿದ್ದರು.

ಆ ಆಗಸ್ಟ್‌ನಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮಂಗಳೂರು ರಸ್ತೆ ಕಡಿದುಹೋಯಿತು. ನಮ್ಮಲ್ಲೊಬ್ಬರು ಪರಿಹಾರ ಕೇಂದ್ರಗಳಲ್ಲಿ ಸುದ್ದಿ ಬರೆಯುತ್ತಿದ್ದಾಗ ಇನ್ನೊಬ್ಬರು ಮನೆಯಿಂದ ಫೋನ್ ಮಾಡಿದರು: ಹಿತ್ತಲಿನ ಬರೆಯಲ್ಲಿ ಬೆರಳು ತೂರುವಷ್ಟು ಬಿರುಕು. ಮರುದಿನ ಮನೆ ಖಾಲಿ. ಸಾಹೇಬರು ಬೆಂಗಳೂರಿನ ಮಗಳ ಫ್ಲ್ಯಾಟಿಗೆ, ನಾವು ಕುಶಾಲನಗರಕ್ಕೆ. ಮಗಳ ಮನೆಯಲ್ಲಿ ಪುಟ್ಟ ಮಗು. ತಂಬಾಕು ಹೊಸ್ತಿಲು ದಾಟಕೂಡದು ಎಂದು ಅವರು ಖಡಾಖಂಡಿತ ಹೇಳಿದ್ದರು. ಸರಿಯಾದ ಮಾತೇ. ಜೀಪ್ ಹತ್ತುವ ಮೊದಲು ಸಾಹೇಬರು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟರು. ‘ನನಗೊಂದು ನೆಲೆ ಸಿಗೋ ತನಕ ಇಟ್ಕೊಳ್ಳಿ. ಒಣಗಬಾರದು, ಬೂಸ್ಟು ಹಿಡೀಬಾರದು. ಅಷ್ಟೇ.’

ಆ ಅಷ್ಟೇ ಎನ್ನುವುದು ಎಷ್ಟು ಎಂದು ತಿಳಿಯಲು ನಮಗೆ ಒಂದು ಸಿಗಾರ್ ಖರ್ಚಾಯಿತು.

ಸಿಗಾರ್ ಎಂದರೆ ಎಲೆ ಮಾತ್ರ. ಒಳಗೂ ಎಲೆ, ಮೇಲಿನ ಹೊದಿಕೆಯೂ ಎಲೆ. ಅದು ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿ ಒಣಗಿದ್ದರೆ ಬಿಟ್ಟುಕೊಡುತ್ತದೆ. ಗಾಳಿಯ ತೇವಾಂಶ ಶೇ 65ರಿಂದ 70ರ ಒಳಗಿದ್ದರೆ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಕಡಿಮೆಯಾದರೆ ಹೊದಿಕೆ ಸೀಳುತ್ತದೆ, ಘಮ ಹೋಗುತ್ತದೆ. ಶೇ 75 ದಾಟಿ ಜೊತೆಗೆ ಸೆಕೆಯೂ ಸೇರಿದರೆ ಬೂಸ್ಟು. ಸ್ಥಿತಿವಂತರ ಮನೆಯಲ್ಲಿ ಇದಕ್ಕೆಂದೇ ಮರದ ಪೆಟ್ಟಿಗೆ ಇರುತ್ತದೆ, ಹ್ಯೂಮಿಡರ್ ಅಂತ. ಪದೇ ಪದೇ ಮನೆ ಬದಲಿಸುವ ನಮ್ಮಂಥವರಿಗೆ ಐಸ್‌ಬಾಕ್ಸೇ ವಾಸಿ. ಮುಚ್ಚಳ ಬಿಗಿ, ಗೋಡೆ ದಪ್ಪ, ಬಿದ್ದರೂ ಒಡೆಯುವುದಿಲ್ಲ.

ಕುಶಾಲನಗರದಲ್ಲಿ ಪರಿಚಯದವರ ಹಳೇ ಐಸ್‌ಬಾಕ್ಸ್ ಸಿಕ್ಕಿತು. ಬಿಸಿನೀರು, ಅಡುಗೆ ಸೋಡಾ ಹಾಕಿ ತಿಕ್ಕಿ, ಮುಚ್ಚಳ ತೆಗೆದು ಒಂದು ವಾರ ಬಿಸಿಲಿಗಿಟ್ಟೆವು. ಅಲ್ಲಿಯವರೆಗೆ ಸರಿ. ಆಮೇಲೆ ಒಣಗಬಾರದು ಅಂದಿದ್ದಾರಲ್ಲ ಎಂದು ಪಾತ್ರೆ ತೊಳೆಯುವ ಹೊಸ ಸ್ಪಾಂಜನ್ನು ನಲ್ಲಿನೀರಲ್ಲಿ ಅದ್ದಿ ಬಟ್ಟಲಲ್ಲಿ ಇಟ್ಟು, ಮುಚ್ಚಳಕ್ಕೆ ಟೇಪ್ ಸುತ್ತಿ, ಮರೆತೆವು. ನವೆಂಬರ್‌ನಲ್ಲಿ ತೆಗೆದರೆ ಒಳಗೋಡೆಯ ಮೇಲೆ ನೀರಹನಿ, ಮೂರು ಸಿಗಾರ್‌ಗಳ ಮೇಲೆ ಬಿಳಿ ನವಿರು. ಮರ ಆದರೆ ಹೆಚ್ಚಿನ ತೇವ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಹೀರುವುದಿಲ್ಲ. ಒದ್ದೆ ಸ್ಪಾಂಜು ಕೊಟ್ಟ ನೀರೆಲ್ಲ ಒಳಗೇ ಉಳಿದು, ರಾತ್ರಿ ತಣ್ಣಗಾದಾಗ ಹನಿಯಾಗಿ ಇಳಿದಿತ್ತು.

ಎರಡರಲ್ಲಿ ಬೂಸ್ಟು ಹೊದಿಕೆಯ ಮೇಲಷ್ಟೇ ಇತ್ತು, ಒಣ ಬಟ್ಟೆಯಲ್ಲಿ ಒರೆಸಿದೆವು. ಮೂರನೆಯದರಲ್ಲಿ ಹೊತ್ತಿಸುವ ತುದಿಯಿಂದ ಒಳಕ್ಕೇ ಇಳಿದಿತ್ತು. ಅದನ್ನು ಎಸೆಯಬೇಕಾಯಿತು. ಸಾಹೇಬರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆವು. ಊರವರ ತಪ್ಪನ್ನೆಲ್ಲ ಬರೆಯುವವರು ನಮ್ಮದನ್ನು ಮುಚ್ಚಿಡುವುದು ಹೇಗೆ? ಫೋನ್ ಮಾಡಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಒಂದು ವರ್ಷ ಕಮ್ಮಿ ಮಾಡಿದ್ರಿ ನನಗೆ. ಇರಲಿ, ಉಳಿದಿದ್ದು ನೋಡ್ಕೊಳ್ಳಿ’ ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಅಂದಿನಿಂದ ವರದಿ ಬರೆಯುವ ನೋಟ್‌ಬುಕ್ಕಿನ ಕೊನೆಯ ಹಾಳೆಗಳು ಸಿಗಾರ್‌ಗಳ ಲೆಕ್ಕಕ್ಕೆ. ಮೊದಲು ತೇವಾಂಶ ತೋರಿಸುವ ಚಿಕ್ಕ ಮೀಟರ್ ತರಿಸಿದೆವು. ಅಗ್ಗದ ಮೀಟರನ್ನು ನಂಬಬಾರದು, ಪರೀಕ್ಷೆ ಮಾಡಬೇಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದ ಹಾಗೆ ಬರೀ ಒದ್ದೆಯಾಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರಿನಲ್ಲಿ ಒಂದು ದಿನ ಮುಚ್ಚಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ 75ರಲ್ಲಿ ನಿಲ್ಲುತ್ತದೆ. ನಮ್ಮ ಮೀಟರ್ 80 ತೋರಿಸಿತು. ಅಂದರೆ ಅದು ಐದು ಹೆಚ್ಚು ಹೇಳುತ್ತದೆ. ಮೀಟರಿನ ಬೆನ್ನಿಗೆ ‘-5’ ಎಂದು ಬರೆದು ಅಂಟಿಸಿದೆವು.

ಸ್ಪಾಂಜಿನ ಜಾಗಕ್ಕೆ ಬೊವೆಡಾ ಎನ್ನುವ ಪ್ಯಾಕೆಟ್ ಬಂತು. ಅದರೊಳಗಿನ ಉಪ್ಪಿನ ದ್ರಾವಣ ಗಾಳಿ ಒಣಗಿದರೆ ತೇವ ಕೊಡುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ನಾವು ಶೇ 65ರದ್ದನ್ನು ಆರಿಸಿದೆವು. 60 ಗ್ರಾಂನ ಒಂದು ಪ್ಯಾಕೆಟ್ ಇಪ್ಪತ್ತೈದು ಸಿಗಾರ್‌ಗಳಿಗೆ ಸಾಕು. ಹೆದರಿದ್ದ ನಾವು ಎರಡು ಇಟ್ಟೆವು. ಪ್ಯಾಕೆಟ್ ಮೆತ್ತಗಿರುವ ತನಕ ಜೀವ ಇದೆ, ಗಟ್ಟಿ ಹಪ್ಪಳದ ಹಾಗಾದರೆ ಬದಲಿಸಬೇಕು. ಸಿಗಾರ್‌ಗಳನ್ನು ಅವುಗಳ ಮರದ ಪೆಟ್ಟಿಗೆಯ ಸಮೇತ ಒಳಗಿಟ್ಟೆವು. ಆ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು. ನಿಜವಾಗಿ ಅದು ಸೀಡರ್ ಅಲ್ಲ, ನಮ್ಮ ಬೇವಿನ ಕುಟುಂಬದ್ದು. ತಿಂಗಳ ಒಂದನೇ ತಾರೀಕು ಮುಚ್ಚಳ ತೆಗೆದು ಐದು ನಿಮಿಷ ಗಾಳಿಯಾಡಿಸಿ, ಅಂಕಿ ಬರೆದು, ಮುಚ್ಚುವುದು. ಮಧ್ಯೆ ಕುತೂಹಲಕ್ಕೆ ತೆಗೆಯುವಂತಿಲ್ಲ.

2019ರ ಮೇನಲ್ಲಿ ಪಿರಿಯಾಪಟ್ಟಣಕ್ಕೆ ಬಂದೆವು. ಪೆಟ್ಟಿಗೆಯ ಸುತ್ತ ಖಾಲಿ ಇದ್ದ ಜಾಗಕ್ಕೆ, ಅಲುಗಾಡದಿರಲಿ ಎಂದು ಏನು ತುಂಬುವುದು? ಕೈಗೆ ಸಿಕ್ಕಿದ್ದು ನಮ್ಮದೇ ಪತ್ರಿಕೆ. ಆದರೆ ಶಾಯಿಯ ವಾಸನೆ ಎಲೆಗೆ ಹತ್ತುತ್ತದೆ. ಒಂದು ವರ್ಷದ ನಮ್ಮ ಸುದ್ದಿಗಳೆಲ್ಲ ಆ ಕೆಲಸಕ್ಕೂ ಬರಲಿಲ್ಲ. ಘಮದ ಸೋಪು ಹಾಕದೆ ಒಗೆದ ಹಳೇ ಪಂಚೆ ತುಂಬಿದೆವು.

ಪಿರಿಯಾಪಟ್ಟಣದಲ್ಲಿ ಮಾವ ಇದ್ದಾರೆ, ಅಂದರೆ ನಮ್ಮಲ್ಲೊಬ್ಬರಿಗೆ ಅಪ್ಪ. ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೆಳೆಯುವವರು. ಅವರು ಬೆಳೆಯುವುದು ಸಿಗರೇಟಿಗೆ ಹೋಗುವ ಎಲೆ, ಸಿಗಾರ್‌ದಲ್ಲ. ಸಿಗಾರ್ ಎಲೆಯನ್ನು ನೆರಳಿನ ಗಾಳಿಯಲ್ಲಿ ಒಣಗಿಸಿ ರಾಶಿ ಹಾಕಿ ಹುಳಿಸುತ್ತಾರೆ. ಇಲ್ಲಿಯದನ್ನು ಬ್ಯಾರನ್‌ನಲ್ಲಿ ಬೆಂಕಿಯ ಬಿಸಿ ಕೊಟ್ಟು ಬೇಯಿಸುತ್ತಾರೆ. ಆದರೆ ತೇವದ ಪಾಠ ಎರಡಕ್ಕೂ ಒಂದೇ. ಬೆಂದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ರಾತ್ರಿ ಬ್ಯಾರನ್ ಬಾಗಿಲು ತೆರೆದಿಟ್ಟು, ತಂಪಿಗೆ ಎಲೆ ಮೆತ್ತಗಾದ ಮೇಲೆ ಇಳಿಸಬೇಕು. ತೇವ ಹೆಚ್ಚಿದ್ದರೆ ಹರಾಜು ಕಟ್ಟೆಯಲ್ಲಿ ಬೇಲಿನೊಳಗೆ ಕೈ ಹಾಕಿದವನು ಬೆಲೆ ಇಳಿಸುತ್ತಾನೆ.

ನಮ್ಮ ಮೀಟರ್ ನೋಡಿ ಮಾವನಿಗೆ ನಗು. ‘ಏನ್ ಅಳಿಮಯ್ಯ, ಹೊಗೆಸೊಪ್ಪಿಗೂ ಮೀಟ್ರಾ?’ ಒಂದು ಸಿಗಾರ್ ತೆಗೆದು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ ಕಿವಿಯ ಹತ್ತಿರ ಹಿಡಿದರು. ‘ಸದ್ದಿಲ್ಲ. ಒತ್ತುದ್ರೆ ವಾಪಸ್ ಬತ್ತದೆ. ಹದ ಅದೆ.’ ಮೀಟರ್ 71 ತೋರಿಸುತ್ತಿತ್ತು. ಐದು ಕಳೆದರೆ 66.

ಆ ಸೆಪ್ಟೆಂಬರ್ 3ಕ್ಕೆ ಸಾಹೇಬರು ಬಸ್ಸಿನಲ್ಲಿ ಬಂದು ಒಂದು ಸಿಗಾರ್ ತೆಗೆದುಕೊಂಡು ಹೋದರು. ಹಿಂದಿನ ವರ್ಷ ಸೇದಿರಲಿಲ್ಲವಂತೆ. ಊರೇ ಜಾರಿ ಹೋಗಿರುವಾಗ ಯಾವ ಹಬ್ಬ ಅಂದರು. ಉಳಿದದ್ದು ಹದಿನೈದು.

ಮುಂದಿನ ಏಪ್ರಿಲ್, ಲಾಕ್‌ಡೌನ್. ಅಡುಗೆಮನೆಯ ಧನಿಯಾ ಡಬ್ಬದಲ್ಲಿ ಎಳ್ಳಿನಷ್ಟು ಕಂದು ಹುಳು ಹರಿದಾಡುತ್ತಿತ್ತು. ಮಾವ ನೋಡಿದವರೇ, ‘ಇದು ಹೊಗೆಸೊಪ್ಪಿಗೂ ಬೀಳ್ತದೆ’ ಅಂದರು. ಮಾತು ನಿಜ. ತಂಬಾಕು ಜೀರುಂಡೆ ಧನಿಯಾ, ಅರಿಶಿನ, ಒಣಮೆಣಸು ಯಾವುದನ್ನೂ ಬಿಡುವುದಿಲ್ಲ. ಅದರ ಮೊಟ್ಟೆ ಎಲೆಯೊಳಗೇ ಇರಬಹುದು. ಶಾಖ 24-25 ಡಿಗ್ರಿ ದಾಟಿದರೆ ಮರಿಯಾಗಿ ಸಿಗಾರ್ ಉದ್ದಕ್ಕೂ ಸುರಂಗ ಕೊರೆಯುತ್ತದೆ. ಮಡಿಕೇರಿಯ ತಂಪಿನಲ್ಲಿ ಇದರ ಯೋಚನೆಯೇ ಬಂದಿರಲಿಲ್ಲ. ಐಸ್‌ಬಾಕ್ಸ್ ತಾನಾಗಿ ತಣ್ಣಗೆ ಮಾಡುವುದಿಲ್ಲ. ಹೊರಗಿನ ಬಿಸಿ ಒಳಗೆ ಬರುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ದಿನಗಟ್ಟಲೆ 33 ಡಿಗ್ರಿ ಇದ್ದರೆ ಒಳಗೂ ಅದೇ.

ಫ್ರೀಜರ್ ಖಾಲಿ ಮಾಡಿದೆವು. ಸಿಗಾರ್‌ಗಳನ್ನು ಎರಡೆರಡು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಒಂದು ದಿನ ಫ್ರಿಜ್ಜಿನ ಕೆಳಗೆ, ಆಮೇಲೆ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗೆ, ಕೊನೆಗೆ ಹೊರಗೆ. ಪೂರ್ತಿ ಕೋಣೆಯ ಹದಕ್ಕೆ ಬಂದ ಮೇಲಷ್ಟೇ ಕವರ್ ಬಿಚ್ಚಬೇಕು, ಇಲ್ಲದಿದ್ದರೆ ಬೆವರುತ್ತದೆ. ಅವಸರ ಮಾಡಿದರೆ ಹೊದಿಕೆ ಬಿರಿಯುತ್ತದೆ. ಫ್ರೀಜರ್ ಮೈನಸ್ 18ಕ್ಕಿಂತ ಕೆಳಗಿದ್ದರೆ ಮೂರ್ನಾಲ್ಕು ದಿನ ಸಾಕು. ಕರೆಂಟ್ ಹೋಗಿ ಬರುವ ನಮ್ಮ ಮನೆಯಲ್ಲಿ ಒಂದು ವಾರ ಬಿಟ್ಟೆವು. ಒಂದರಲ್ಲೂ ತೂತು ಬೀಳಲಿಲ್ಲ. ಆಮೇಲೆ ಐಸ್‌ಬಾಕ್ಸಿನ ಜಾಗವೂ ಬದಲಾಯಿತು. ತಾರಸಿ ಬಿಸಿ ತಟ್ಟದ, ಬಿಸಿಲು ಬೀಳದ ಮೂಲೆ, ನೆಲದ ಮೇಲೆ. ಯಾವ ಮನೆಗೆ ಹೋದರೂ ನಾವು ಮೊದಲು ಹುಡುಕುವುದು ಆ ಮೂಲೆಯನ್ನೇ.

2020, 2021ರಲ್ಲಿ ಸಾಹೇಬರು ಬರಲಾಗಲಿಲ್ಲ. ಹುಣಸೂರಿಗೆ ಮನೆ ಬದಲಿಸಿದಾಗ ಐಸ್‌ಬಾಕ್ಸ್ ಮೂರು ತಿಂಗಳು ಟೇಪ್ ಬಿಚ್ಚದೆ ಇತ್ತು. ತೆಗೆದಾಗ ಅಂಕಿ ಎರಡೂ ಆಚೀಚೆ ಆಗಿರಲಿಲ್ಲ. ಸರಿಯಾಗಿ ಮುಚ್ಚಿದ್ದರೆ ಅದು ನಮ್ಮನ್ನು ಹೆಚ್ಚು ಕೇಳುವುದೇ ಇಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬಂದರು. ನಡಿಗೆ ಸೋತಿತ್ತು, ಕೈಯಲ್ಲಿ ಕೋಲು. ಅಂದು ಮಾವನೂ ಬಂದಿದ್ದರು. ಪೆಟ್ಟಿಗೆ ಮುಂದಿಟ್ಟಾಗ ಸಾಹೇಬರು ಮೊದಲು ಎಣಿಸಲಿಲ್ಲ, ಮುಚ್ಚಳಕ್ಕೆ ಮೂಗು ತಾಗಿಸಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದು ತೆಗೆದು ತಾವಿಟ್ಟುಕೊಂಡು, ಇನ್ನೊಂದನ್ನು ಮಾವನಿಗೆ ಚಾಚಿದರು. ‘ಯಜಮಾನ್ರೆ, ಇಷ್ಟು ವರ್ಷ ಬೆಳೆದಿದ್ದೀರಿ. ಒಂದು ಸೇದಿ.’ ಮಾವ ತೆಗೆದುಕೊಂಡರು, ತಿರುಗಿಸಿ ಸುತ್ತಿದ ಕೈಕೆಲಸ ನೋಡಿದರು, ಪೆಟ್ಟಿಗೆಯಲ್ಲಿ ಅದೇ ಜಾಗಕ್ಕೆ ಇಟ್ಟರು. ‘ಬೆಳ್ದಿದ್ದೇ ಸಾಕು ಸ್ವಾಮಿ. ನಿಮ್ಮ ಸ್ನೇಹಿತರದು, ನೀವೇ ಮಡಿಕಳಿ. ನಮ್ಮ ಬೇಲ್‌ನ ಹಿಂಗೆ ಕಾಯೋರು ಯಾರೂ ಇಲ್ಲ, ನೋಡಿ ಸಂತೋಷ ಆಯ್ತು.’ ಆ ವರ್ಷದ ಅವರ ಬೇಲ್‌ಗಳು ಇನ್ನೂ ಹರಾಜಿಗೆ ಹೋಗಿರಲಿಲ್ಲ. ಗೋಣಿತಾಟಿನಲ್ಲಿ ಸುತ್ತಿ, ಸೋರುವ ಹೆಂಚಿನ ಕೆಳಗೆ ಇದ್ದವು.

ಸಾಹೇಬರಿಗೆ ಇನ್ನೂ ಸ್ವಂತ ನೆಲೆ ಸಿಕ್ಕಿಲ್ಲ, ಮಡಿಕೇರಿಯ ಮನೆಗೆ ವಾಪಸ್ ಹೋಗುವ ಮಾತೂ ನಿಂತಿದೆ. ಹೊರಡುವಾಗ, ‘ನಾನಿಲ್ಲದ ಮೇಲೆ ಉಳಿದಿದ್ದನ್ನ...’ ಎಂದು ಶುರು ಮಾಡಿದರು. ನಾವು ಆ ಮಾತು ಮುಗಿಸಲು ಬಿಡಲಿಲ್ಲ. ಬಿಡಬೇಕಿತ್ತೇನೋ.

ನಿನ್ನೆ ಸಂಜೆ ಹೊಸ ಪ್ಯಾಕೆಟ್ ಎರಡು ಇಟ್ಟೆವು. ಮೀಟರ್ 70, ಕಳೆದರೆ 65. ಎಣಿಸಿದೆವು, ಹದಿನಾಲ್ಕು. ಟೇಪ್ ಸುತ್ತಿ, ಮೇಲೆ ತಾರೀಕು ಬರೆದಿದ್ದೇವೆ. ಇನ್ನು ಪಾತ್ರೆ ಕಟ್ಟಬೇಕು.