ಅಕ್ಕಿಪೇಟೆಯ ಹಳೆಯ ಲೆಕ್ಕದ ಪುಸ್ತಕ

ಬೆಂಗಳೂರಿನ ಹಳೆಯ ಪೇಟೆಗೆ ಹೋದವರಿಗೆ ಊರಿನ ಚರಿತ್ರೆಯನ್ನು ಬೇರೆಯವರು ಹೇಳಬೇಕಾದುದಿಲ್ಲ. ಬೀದಿಗಳ ಹೆಸರುಗಳೇ ಹೇಳುತ್ತವೆ. 1537ರಲ್ಲಿ ಹಿರಿಯ ಕೆಂಪೇಗೌಡರು ಮಣ್ಣಿನ ಕೋಟೆಯೊಳಗೆ ನೆಲೆಗೊಳಿಸಿದ ಈ ಪೇಟೆ ಬೆಳೆಯುತ್ತ ಬಂದಂತೆ ಒಂದೊಂದು ಸರಕಿಗೆ, ಒಂದೊಂದು ಕಸುಬಿಗೆ ಒಂದೊಂದು ಬೀದಿ ಮೀಸಲಾಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಹೀಗೆ ಬಂದವು. ಸರಕು ಬೀದಿಯನ್ನು ಬಿಟ್ಟುಹೋದರೂ ಹೆಸರು ಮಾತ್ರ ಬಿಟ್ಟುಹೋಗಿಲ್ಲ.

ಈಚೆಗೆ ನಾವು ಅಕ್ಕಿಪೇಟೆಗೆ ಹೋಗುವ ಪ್ರಸಂಗ ಒದಗಿತು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ನಮ್ಮ ಜೊತೆಗಿದ್ದು ಓದಿದ ಸಹಪಾಠಿಯೊಬ್ಬರ ಮನೆ ಅಲ್ಲಿದೆ. ಅವರ ತಂದೆಯವರದು ಆ ಬೀದಿಯಲ್ಲಿ ಅಕ್ಕಿಯ ಮಂಡಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಗುಬ್ಬಿ ತೋಟದಪ್ಪನವರು 1903ರಲ್ಲಿ ಪ್ರವಾಸಿಗರಿಗಾಗಿ ತೆರೆದ ಧರ್ಮಛತ್ರವನ್ನು ನೆನೆದು, ‘ಕೈವಲ್ಯ ಕಲ್ಪವಲ್ಲರಿ’ಯ ಕರ್ತೃಗಳಾದ ಸರ್ಪಭೂಷಣ ಶಿವಯೋಗಿಗಳ ಮಠಕ್ಕೆ ಕೈಮುಗಿದು ಪೇಟೆಯ ಕಡೆಗೆ ನಡೆದೆವು.

ದಾರಿಯುದ್ದಕ್ಕೂ ನಮ್ಮ ಕಿವಿಗೆ ಬಿದ್ದ ಭಾಷೆಗಳನ್ನು ಎಣಿಸುತ್ತ ಹೋದೆವು. ಗಾಡಿಯಿಂದ ಮೂಟೆ ಇಳಿಸುತ್ತಿದ್ದವರದು ತಮಿಳು. ಅಂಗಡಿಯ ಯಜಮಾನರದು ಮಾರವಾಡಿ. ಹಣ್ಣು ಮಾರುತ್ತಿದ್ದವರದು ದಖನಿ ಉರ್ದು. ಗಿರಾಕಿಗಳಲ್ಲಿ ಕೆಲವರದು ತೆಲುಗು. ಇವರೆಲ್ಲರೂ ತಮ್ಮತಮ್ಮೊಳಗೆ ತಮ್ಮ ಮಾತನ್ನಾಡಿ, ಪರಸ್ಪರ ವ್ಯವಹಾರಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತಿದ್ದರು. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ಇದನ್ನು ಕೇಳಿ ಮರುಗುವವರುಂಟು. ಆದರೆ ಪೇಟೆ ಎಂದೂ ಒಂದೇ ಭಾಷೆಯದಾಗಿರಲಿಲ್ಲ. ಪಕ್ಕದ ಅರಳೆಪೇಟೆಯ, ಅಂದರೆ ಇಂದಿನ ಕಾಟನ್‌ಪೇಟೆಯ, ಮಸ್ತಾನ್ ಸಾಹೇಬರ ದರ್ಗಾಕ್ಕೆ ಧರ್ಮರಾಯನ ಗುಡಿಯ ಕರಗ ಪ್ರತಿವರ್ಷ ಚೈತ್ರದಲ್ಲಿ ಹೋಗಿಬರುವುದು ಇಂದಿಗೂ ನಡೆದಿದೆ. ಇಂತಹ ಊರಿನಲ್ಲಿ ಭಾಷೆಗಳು ಒಂದರಿಂದೊಂದು ಸಾಲ ಪಡೆಯುವುದು ಸಹಜವೇ ಸರಿ.

ಗೆಳೆಯರ ಮನೆ ತಲುಪಿದಾಗ ಹನ್ನೊಂದು ಗಂಟೆ. ಕೆಳಗಿನ ಅಂಗಡಿಯಲ್ಲಿ ಈಗ ಅಕ್ಕಿಯಿಲ್ಲ. ಬಾಡಿಗೆಗೆ ಹಿಡಿದವರು ಪ್ಲಾಸ್ಟಿಕ್ ಸಾಮಾನು ಮಾರುತ್ತಾರೆ. ಧಾನ್ಯದ ದೊಡ್ಡ ವ್ಯಾಪಾರವೆಲ್ಲ ಯಶವಂತಪುರದ ಮಾರುಕಟ್ಟೆಯ ಕಡೆಗೆ ಸರಿದು ಬಹಳ ಕಾಲವಾಯಿತು. ಮಹಡಿಯ ಮೇಲೆ ಮನೆಯವರು ನಮ್ಮನ್ನು ಆದರದಿಂದ ಬರಮಾಡಿಕೊಂಡರು. ಗೆಳೆಯರ ಮಗ ಕಂಪನಿಯ ಕೆಲಸದ ಮೇಲೆ ಎರಡು ವರ್ಷ ವಿಯೆಟ್ನಾಮಿನ ಹೊ ಚಿ ಮಿನ್ ನಗರದಲ್ಲಿ ಸಂಸಾರಸಮೇತ ಇದ್ದು ಆಗತಾನೆ ಹಿಂದಿರುಗಿದ್ದರು. ಹನ್ನೆರಡು ವರ್ಷದ ಮೊಮ್ಮಗಳು ಅಲ್ಲಿಂದ ತಂದ ಅಕ್ಕಿಯ ಹಾಳೆಗಳನ್ನು ನಮ್ಮ ಮುಂದೆ ಇಟ್ಟಳು. ನಮ್ಮ ಅಕ್ಕಿ ಹಪ್ಪಳದ ತಂಗಿಯೆಂದು ತೋರಿತು. ಆದರೆ ಅದನ್ನು ಕರಿಯುವುದಿಲ್ಲ, ನೀರಿನಲ್ಲಿ ಅದ್ದಿ, ಸೊಪ್ಪು ತರಕಾರಿಗಳನ್ನು ಸುತ್ತಿ ತಿನ್ನುತ್ತಾರಂತೆ.

“ತಾತ, ಅವರಲ್ಲಿಯೂ ಅಕ್ಕಿಗೆ ಮೂರು ಹೆಸರು” ಎಂದಳು ಮಗು. ಗದ್ದೆಯಲ್ಲಿದ್ದರೆ ‘ಲುವಾ’, ಕುಟ್ಟಿದ ಮೇಲೆ ‘ಗಾವ್’, ಬೆಂದ ಮೇಲೆ ‘ಕಮ್’. ನಾವು ಸಂತೋಷಪಟ್ಟು, “ನಮ್ಮಲ್ಲಿ ಭತ್ತ, ಅಕ್ಕಿ, ಅನ್ನ. ಇಂಗ್ಲಿಷಿನವರು ಅಕ್ಕಿಗೂ ಅನ್ನಕ್ಕೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ನೋಡು” ಎಂದೆವು. ಉಣ್ಣುವುದನ್ನೇ ಬಾಳಿನ ನಡುವಿನಲ್ಲಿಟ್ಟುಕೊಂಡ ಜನ ಅದಕ್ಕೆ ತಕ್ಕಂತೆ ಮಾತನ್ನು ಕಟ್ಟಿಕೊಳ್ಳುತ್ತಾರೆ. ಸಂತಾಲಿ, ಖಾಸಿ ಭಾಷೆಗಳು ಸೇರಿದ ವಂಶಕ್ಕೇ ವಿಯೆಟ್ನಾಮಿ ಭಾಷೆಯೂ ಸೇರಿದ್ದೆಂದು ಪಂಡಿತರು ಹೇಳುತ್ತಾರೆ. ಸುಮಾರು ಸಾವಿರ ವರ್ಷ ಚೀನೀ ಅರಸರ ಆಳ್ವಿಕೆಯಲ್ಲಿದ್ದುದರಿಂದ ಅದರಲ್ಲಿ ಚೀನೀ ಪದಗಳು ನಮ್ಮ ತತ್ಸಮಗಳಂತೆ ತುಂಬಿಕೊಂಡಿವೆ. ಫ್ರೆಂಚರ ಕಾಲದಲ್ಲಿ ಇನ್ನಷ್ಟು ಸೇರಿದವು. ಅವರ ‘ಸಾ ಫೋಂಗ್’, ನಮ್ಮ ‘ಸಾಬೂನು’ ಎರಡೂ ಒಂದೇ ಮೂಲದಿಂದ ಬಂದವು.

ಮಾತು ಹೀಗೆ ಸಾಗಿರುವಾಗ ಗೆಳೆಯರು ಒಳಗಿನಿಂದ ಕೆಂಪು ಬಟ್ಟೆಯ ರಟ್ಟಿನ ಒಂದು ಲೆಕ್ಕದ ಪುಸ್ತಕ ತಂದರು. ಅದು ಅವರ ತಂದೆಯವರ ಕೈಬರಹ, 1972ನೆಯ ವರ್ಷದ್ದು. ಜಮಾ, ಖರ್ಚು, ಬಾಕಿ, ಹಮಾಲಿ, ದಲಾಲಿ ಎಂಬ ಮಾತುಗಳು ಪುಟಪುಟದಲ್ಲಿಯೂ ಇದ್ದವು. ಪಾರಸಿ, ಅರಬ್ಬಿ ಮೂಲದ ಈ ಮಾತುಗಳನ್ನು ಕನ್ನಡ ಎಂದೋ ತನ್ನ ಮನೆಯವರನ್ನಾಗಿ ಮಾಡಿಕೊಂಡಿದೆ. ಅದರಿಂದ ಕನ್ನಡ ಕೆಟ್ಟುದಿಲ್ಲ. ಬಂದವರಿಗೆಲ್ಲ ಮಣೆ ಹಾಕಿ ಅನ್ನವಿಟ್ಟ ಮನೆ ಬಡವಾಗುವುದಿಲ್ಲವಷ್ಟೆ.

ಗೆಳೆಯರು ಮೊಮ್ಮಗಳ ಕಡೆ ತಿರುಗಿ, “ನಿನ್ನ ಮುತ್ತಜ್ಜ ಬರೆದದ್ದು, ಓದಮ್ಮ” ಎಂದರು. ಮಗು ಪುಟವನ್ನು ದಿಟ್ಟಿಸಿ ಸುಮ್ಮನಾಯಿತು. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತನಾಡುವ ಮಗು ಅದು. ಅಜ್ಜಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುವುದೂ ಕನ್ನಡದಲ್ಲಿಯೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಗೆಳೆಯರ ಮುಖ ಬಾಡಿತು. “ತಪ್ಪು ನಮ್ಮದಯ್ಯ. ಶಾಲೆಯಲ್ಲಿ ಕಲಿಸುತ್ತಾರೆಂದು ನಾನಿದ್ದೆ, ಮನೆಯಲ್ಲಿ ಕಲಿಸುತ್ತಾರೆಂದು ಶಾಲೆಯವರಿದ್ದರು” ಎಂದರು.

ಆಗ ಮಗು ಹೇಳಿದ ಮಾತು ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಹನೋಯಿ ನಗರದಲ್ಲಿ 1070ರಲ್ಲಿ ಕಟ್ಟಿದ ಸಾಹಿತ್ಯ ದೇವಾಲಯವೊಂದುಂಟು. ಅಲ್ಲಿ ಕಲ್ಲಿನ ಆಮೆಗಳ ಬೆನ್ನಿನ ಮೇಲೆ, ಹಿಂದಿನ ಕಾಲದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವಿದ್ವಾಂಸರ ಹೆಸರುಗಳನ್ನು ಕೊರೆದ 82 ಶಿಲಾಫಲಕಗಳಿವೆ. “ನನ್ನ ಗೆಳತಿಯೂ ನಮ್ಮ ಜೊತೆ ಬಂದಿದ್ದಳು, ತಾತ. ಅದು ಅವರ ಊರಿನದೇ ಕಲ್ಲು. ಆದರೂ ಅವಳಿಗೆ ಓದಲು ಬರಲಿಲ್ಲ. ಅವರಪ್ಪನಿಗೂ ಬರಲಿಲ್ಲ.”

ಇದರ ಹಿನ್ನೆಲೆಯನ್ನು ಓದುಗರು ತಿಳಿಯಬೇಕು. ವಿಯೆಟ್ನಾಮಿನ ವಿದ್ವಾಂಸರು ಬಹುಕಾಲ ಚೀನೀ ಲಿಪಿಯಲ್ಲಿ ಬರೆದರು. ತಮ್ಮ ನುಡಿಯನ್ನು ಬರೆಯಲು ಅದೇ ಮಾದರಿಯಲ್ಲಿ ‘ಚೂ ನೋಮ್’ ಎಂಬ ಲಿಪಿಯನ್ನೂ ಕಟ್ಟಿಕೊಂಡರು. ಅವರ ಮಹಾಕವಿ ನ್ಗುಯೆನ್ ಜು ಮೂರು ಸಾವಿರಕ್ಕೂ ಹೆಚ್ಚು ಸಾಲುಗಳ ‘ಕಿಯೆವ್ ಕಥೆ’ಯನ್ನು ರಚಿಸಿದ್ದು ಆ ಲಿಪಿಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಪಾದ್ರಿಗಳು ಆ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮವನ್ನು ರೂಪಿಸಿದರು. ಅಲೆಕ್ಸಾಂಡರ್ ದ ರೋಡ್ ಎಂಬವರ ನಿಘಂಟು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಚೀನೀ ಲಿಪಿಯ ರಾಜಪರೀಕ್ಷೆಗಳು 1919ರಲ್ಲಿ ಕೊನೆಗೊಂಡವು. 1945ರಲ್ಲಿ ಸ್ವಾತಂತ್ರ್ಯ ಸಾರಿದ ಕೂಡಲೆ ನಡೆದ ಸಾಕ್ಷರತಾ ಚಳವಳಿ ರೋಮನ್ ಅಕ್ಷರಗಳನ್ನೇ ಹಿಡಿಯಿತು. ಕಲಿಯಲು ಸುಲಭವಾದುದರಿಂದ ಹಳ್ಳಿಯ ರೈತರೂ ಬೇಗ ಅಕ್ಷರಸ್ಥರಾದರು. ಇದು ಸಣ್ಣ ಉಪಕಾರವಲ್ಲ. ಭಾಷೆಯೂ ಉಳಿಯಿತು, ಬೆಳೆಯಿತು. ಆದರೆ ಪೂರ್ವಿಕರ ಕಲ್ಲಿನ ಮುಂದೆ, ಓಲೆಯ ಮುಂದೆ ನಿಂತಾಗ ಇಂದು ಅವರಿಗೆ ದುಭಾಷಿ ಬೇಕು.

ಅದೇ ದೇಶದ ಮೀ ಸೋನ್ ಎಂಬಲ್ಲಿ ಚಾಮ್ ಅರಸರು ಕಟ್ಟಿಸಿದ ಶಿವಾಲಯಗಳಿವೆ. ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ದೊರೆಯಿತು. ಚಾಮರ ರಾಜ್ಯ ಅಳಿದುಹೋಯಿತು. ಆದರೂ ಆ ಜನಾಂಗದವರಲ್ಲಿ ಕೆಲವರು, ಬ್ರಾಹ್ಮಿಯಿಂದ ಹುಟ್ಟಿ ನಮ್ಮ ಕನ್ನಡ ಲಿಪಿಗೆ ದಾಯಾದಿಯಾದ ತಮ್ಮ ಅಕ್ಷರಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತಿದ್ದಾರೆ. ರಾಜ್ಯ ಹೋದ ಮೇಲೂ ಮನೆ ಅಕ್ಷರವನ್ನು ಕಾಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನಮ್ಮಲ್ಲಿಯೂ ಪಾದ್ರಿಗಳು ಬಂದರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದಾಗ ಅದರಲ್ಲಿ ಕನ್ನಡ ಕನ್ನಡದ ಅಕ್ಷರಗಳಲ್ಲಿಯೇ ಇತ್ತು. ಇದು ನಮ್ಮ ಭಾಗ್ಯ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಯೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮನೆಯನ್ನು ಮಾರಿ ಮುದ್ರಣಾಲಯ ತೆರೆದರು. ನೂರಾರು ವರ್ಷ ಅಟ್ಟದ ಮೇಲಿದ್ದ ಓಲೆಗಳನ್ನು ಅವರು ಬಿಚ್ಚಿದಾಗ ಅಕ್ಷರ ತುಸು ಹಳೆಯ ರೂಪದಲ್ಲಿತ್ತೇ ಹೊರತು ಅಪರಿಚಿತವಾಗಿರಲಿಲ್ಲ. ಶರಣರ ಮಾತು ನಮಗೆ ದಕ್ಕಿದುದು ಆ ಅಕ್ಷರದ ಎಳೆ ಕಡಿಯದೆ ಉಳಿದುದರಿಂದ. ಹೊಲದಲ್ಲಿ, ಮಗ್ಗದಲ್ಲಿ ದುಡಿದವರ ಮಾತನ್ನು ಯಾರೋ ಓಲೆಗಿಳಿಸಿದರು. ಇನ್ನಾರೋ ಪ್ರತಿ ಮಾಡಿದರು. ಆ ಎಳೆ ಮೊಬೈಲಿನ ಹಲಗೆಯ ಮೇಲೆ ನಮ್ಮ ಮಕ್ಕಳ ಕೈಯಲ್ಲಿ ಕಡಿದುಹೋಗಬೇಕೆ? ಅದೇ ಮೊಬೈಲಿನಲ್ಲಿ ಕನ್ನಡದ ಅಕ್ಷರಗಳೂ ಇವೆ, ಹಿರಿಯರು ತೋರಿಸಿಕೊಡಬೇಕಷ್ಟೆ.

ಊಟವಾದ ಮೇಲೆ ನಾವು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದೆವು. ಅಚ್ಚಿನ ಅಕ್ಷರ ಅವಳಿಗೆ ಸ್ವಲ್ಪ ಗೊತ್ತಿತ್ತು. ಕೈಬರಹ ಮಾತ್ರ ತೊಡಕು. ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿದೆವು. ಮುಕ್ಕಾಲು ಗಂಟೆಯಲ್ಲಿ ಅವಳು ಒಂದು ಸಾಲನ್ನು ತಾನೇ ಓದಿದಳು: “ಮಠದ ದಾಸೋಹಕ್ಕೆ ಎರಡು ಮೂಟೆ ಅಕ್ಕಿ. ಹಣ ಬರೆಯಬಾರದು.”

ಮುಂದಿನ ತಿಂಗಳೂ ಅದೇ ಸಾಲಿತ್ತು. ಅದರ ಮುಂದಿನ ತಿಂಗಳೂ ಇತ್ತು. ವರ್ಷವಿಡೀ ಇತ್ತು. ಗೆಳೆಯರು ಪುಸ್ತಕವನ್ನೂ ನಮ್ಮನ್ನೂ ನೋಡಿದರು. ಅವರಿಗೂ ಅದು ತಿಳಿದಿರಲಿಲ್ಲ. ಆ ವರ್ಷಗಳಲ್ಲಿ ಆ ಮಠದ ಪಂಕ್ತಿಯಲ್ಲಿ ಕುಳಿತು ಉಂಡ ಹುಡುಗರಲ್ಲಿ ನಾವೂ ಒಬ್ಬರು. ಯಾರ ಅನ್ನ ತಿಂದು ನಾಲ್ಕಕ್ಷರ ಕಲಿತೆವೆಂಬುದು ಐವತ್ತು ವರ್ಷಗಳ ಮೇಲೆ, ಒಂದು ಮಗು ತಡವರಿಸಿ ಓದಿದಾಗ ನಮಗೆ ತಿಳಿಯಿತು. ಲೆಕ್ಕ ಬರೆದವರು ಎಂದೂ ಹೇಳಿಕೊಂಡವರಲ್ಲ.

ತಾಯಂದಿರೇ, ತಂದೆಗಳೇ, ನಿಮ್ಮ ಮಕ್ಕಳು ಲೋಕದ ಯಾವ ಭಾಷೆಯನ್ನಾದರೂ ಕಲಿಯಲಿ, ಯಾವ ದೇಶದಲ್ಲಾದರೂ ಬಾಳಲಿ. ನೆರೆಯವರ ನುಡಿಯಿಂದ ನಮ್ಮ ನುಡಿಗೆ ಭಯವಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಕನ್ನಡದ ಒಂದು ಪುಟವನ್ನು ಅವರಿಂದ ಓದಿಸಿರಿ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಗದ, ಅಜ್ಜಿಯ ಹಾಡಿನ ಪುಸ್ತಕವಿದ್ದರೆ ಇಂದೇ ಇಳಿಸಿರಿ. ಅದರಲ್ಲಿ ಏನು ಬರೆದಿದೆಯೆಂಬುದನ್ನು ನಿಮ್ಮ ಮಕ್ಕಳೇ ಓದಿ ನಿಮಗೆ ಹೇಳಲಿ.

ಹೊರಟಾಗ ಮಗು ಬೀದಿಯವರೆಗೆ ಬಂದು ಕಂಬದ ಮೇಲಿನ ಫಲಕವನ್ನು ನೋಡಿ, “ಅಕ್ಕಿಪೇಟೆ” ಎಂದು ಗಟ್ಟಿಯಾಗಿ ಓದಿತು. ಶರಣು ಶರಣಾರ್ಥಿ.