ಶಾಖಾಹಾರಿಗೆ ಎಲ್ಲಿಯ ಕೊಲೆಸ್ಟರಾಲ್?

ಈ ಶೀರ್ಷಿಕೆಯ ಪ್ರಶ್ನೆಯನ್ನು ತಾವೂ ಎಂದಾದರೂ ಕೇಳಿರಬಹುದು. ನಾನಂತೂ ಎಪ್ಪತ್ತರ ವಯಸ್ಸಿನವರೆಗೆ ಹಾಗೆಯೇ ನಂಬಿದ್ದೆನು. ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯ ಪಾಳಿಗೆ ಸೈಕಲ್ ತುಳಿದು ಹೋಗುತ್ತಿದ್ದ ಕಾಲದಲ್ಲಿ ತಿಂದದ್ದೆಲ್ಲ ಕರಗುತ್ತಿತ್ತು. ನಿವೃತ್ತನಾಗಿ ಶಿವಮೊಗ್ಗೆಯಲ್ಲಿ ನೆಲೆಸಿದ ಮೇಲೆ ಸೈಕಲ್ ಮೂಲೆ ಸೇರಿತು; ಹೋಳಿಗೆಯ ಮೇಲಣ ತುಪ್ಪ ಮಾತ್ರ ಕಡಿಮೆಯಾಗಲಿಲ್ಲ.

ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲ್ ಡೆಸಿಲೀಟರಿಗೆ 262 ಮಿಲಿಗ್ರಾಂ ಎಂದು ಬಂದಿತು. ಅದು 200ರ ಒಳಗಿರಬೇಕು. ಅದಕ್ಕಿಂತ ಮುಖ್ಯವಾದುದು ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬು. 100ರ ಒಳಗಿದ್ದರೆ ಲೇಸು, ಹೃದ್ರೋಗವುಳ್ಳವರಿಗೆ 70ಕ್ಕಿಂತಲೂ ಕೆಳಗೆ. ನನ್ನದು 178. ಒಳ್ಳೆಯದೆನಿಸಿದ ಎಚ್‌ಡಿಎಲ್ ಪುರುಷರಲ್ಲಿ 40ನ್ನೂ ಸ್ತ್ರೀಯರಲ್ಲಿ 50ನ್ನೂ ಮೀರಿರಬೇಕಂತೆ. ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ, ತುಪ್ಪ, ಬೆಣ್ಣೆ, ವನಸ್ಪತಿ, ಕೊಬ್ಬರಿ ಎಣ್ಣೆಗಳ ಜಿಡ್ಡು ಎಲ್‌ಡಿಎಲನ್ನು ಏರಿಸುತ್ತದೆ ಎಂದು ವೈದ್ಯರು ತಿಳಿಸಿದಾಗ ನನ್ನ ಶಾಖಾಹಾರದ ಹೆಮ್ಮೆ ಇಳಿಯಿತು.

ಮಾತ್ರೆಯಿಂದ ಮೂರು ತಿಂಗಳಲ್ಲಿ 96ಕ್ಕೆ ಬಂದಿತು. ಗುಣವಾಯಿತೆಂದು ನಾನೇ ಮಾತ್ರೆ ನಿಲ್ಲಿಸಿದೆನು. ಎಂತಹ ಜಾಣತನ! ಮುಂದಿನ ಪರೀಕ್ಷೆಯಲ್ಲಿ ಮತ್ತೆ 170. ಭದ್ರಾವತಿಯ ನನ್ನ ಹಳೆಯ ಜೊತೆಗಾರರೊಬ್ಬರೂ ಹೀಗೆಯೇ ನಿಲ್ಲಿಸಿದ್ದರು. ಅವರು ಮುಂದಿನ ಪರೀಕ್ಷೆಯವರೆಗೆ ಉಳಿಯಲಿಲ್ಲ.

ಈಗ ಪ್ರತಿದಿನ ಬೆಳಿಗ್ಗೆ ತುಂಗೆಯ ದಡದವರೆಗೆ ನಡೆದು ಬರುತ್ತೇನೆ. ಕಳೆದ ವರ್ಷ ಸ್ನಾಯುಗಳಲ್ಲಿ ನೋವು ಕಾಣಿಸಿಕೊಂಡಿತು. ಮಾತ್ರೆಯಿಂದಲೂ ಹಾಗಾಗುವುದುಂಟು. ಈ ಬಾರಿ ನಾನಾಗಿ ಬಿಡದೆ ವೈದ್ಯರನ್ನು ಕೇಳಿದೆನು. ಅವರು ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಹೋಳಿಗೆಗೆ ಒಂದು ಚಮಚ ತುಪ್ಪ ಇನ್ನೂ ಉಂಟು.