ಪಂಚಾಂಗ ಬದಲಾದ ವರ್ಷ

2020ರ ಏಪ್ರಿಲ್ ಕೊನೆಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಮಾರ್ಗಸೂಚಿಯಂತೆ ಅಂತಿಮ ವರ್ಷದ ಪರೀಕ್ಷೆಗಳು ಜುಲೈಯಲ್ಲಿ ನಡೆಯಬೇಕಿತ್ತು. ಕೊರೋನಾ ಅದಕ್ಕೆ ಮಣಿಯಲಿಲ್ಲ. ಜುಲೈ ಬಂದಾಗ ಗಡುವು ಸೆಪ್ಟೆಂಬರ್ ಅಂತ್ಯಕ್ಕೆ ಸರಿಯಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಂತಿಮ ಪರೀಕ್ಷೆಯಿಲ್ಲದೆ ಪದವಿಯಿಲ್ಲ, ಕಾಲಾವಕಾಶ ಬೇಕಾದ ರಾಜ್ಯಗಳು ಆಯೋಗವನ್ನು ಕೋರಬಹುದು ಎಂದು ಆಗಸ್ಟ್ 28ರಂದು ತೀರ್ಪಾಯಿತು.

ಮುಂದಿನ ವರ್ಷದ ಶೈಕ್ಷಣಿಕ ಪಂಚಾಂಗಕ್ಕೆ ದಿನಗಳು ಒದಗಿದ್ದು ರಜೆಗಳ ಕಡಿತದಿಂದ, ಆರು ದಿನಗಳ ವಾರದಿಂದ. ಲೆಕ್ಕವೇನೋ ಕೂಡಿತು. ಆದರೆ ಕನ್ನಡ ತರಗತಿಯಲ್ಲಿ ಪಂಪನ 'ಆದಿಪುರಾಣ'ದ ಒಂದು ಕಂದವನ್ನು ಮೊದಲು ವಾಚಿಸಿ, ಪದ ಬಿಡಿಸಿ, ಅನ್ವಯ ಹೇಳಿ, ಕೇಳುವವರ ಮುಖದಲ್ಲಿ ಅರ್ಥ ಮೂಡಿತೇ ಎಂದು ನೋಡಿಕೊಂಡೇ ಅಧ್ಯಾಪಕರು ಮುಂದಿನ ಪದ್ಯಕ್ಕೆ ಸಾಗುವುದು. ಮೊಬೈಲಿನ ಪಾಠದಲ್ಲಿ ಆ ಮುಖಗಳೇ ಇರಲಿಲ್ಲ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕುಳಿತ ಮಲೆನಾಡಿನ ಮಕ್ಕಳಿಗೆ ಪದ್ಯ ತುಂಡುತುಂಡಾಗಿ ಕೇಳುತ್ತಿತ್ತು. (ಹಳಗನ್ನಡದಲ್ಲಿ ಒಂದು ಅಕ್ಷರ ನುಂಗಿಹೋದರೂ ಕ್ರಿಯಾಪದವೇ ಕೈತಪ್ಪುತ್ತದೆ.) ಆದರೂ ದಾಖಲೆಯಲ್ಲಿ ಪಾಠ ಮುಗಿಯುತ್ತಲೇ ಇತ್ತು.

ಕರ್ನಾಟಕದ ಪದವಿ ಕಾಲೇಜುಗಳು ನವೆಂಬರ್ 17ರಂದು ಮತ್ತೆ ಬಾಗಿಲು ತೆರೆದವು. ಮುಖಗವಸು ತೊಟ್ಟು ಬಂದ ಕೆಲವರು, ಮುಗಿದಿದ್ದ ಆ ಪದ್ಯಗಳನ್ನೇ ಇನ್ನೊಮ್ಮೆ ಓದಿಹೇಳುವಂತೆ ತಮ್ಮ ಅಧ್ಯಾಪಕರನ್ನು ಕೇಳಿಕೊಂಡರು.